ಗುಡ್ಡದವರಿಗೆ ಒಂದು ಮನೆ

ನಮ್ಮೂರಿಗೆ ಬೆಂಕಿ ವರ್ಷಕ್ಕೊಂದು ಸಲ ಬರುತ್ತದೆ. ಹೋಳಿ ಹುಣ್ಣಿಮೆ ಕಳೆದ ಎಂಟನೆಯ ದಿನ, ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ, ಗುಡ್ಡದ ಒಣಹುಲ್ಲಿನಿಂದ ಇಳಿದು ಟಾರು ರಸ್ತೆಗೆ ಬಂದು, ಹೆಣ್ಣು ನೋಡಲು ಬಂದ ಬೀಗರ ಹಾಗೆ ನಿಧಾನವಾಗಿ ನಡೆಯುತ್ತ, ಒಂದೊಂದು ಗೇಟಿನ ಮುಂದೂ ನಿಂತು ಒಳಗೆ ನೋಡುತ್ತದೆ. ಯಾರ ಅಂಗಳದಲ್ಲಿ ಒಣಕಸ ಎಲ್ಲಕ್ಕಿಂತ ಹೆಚ್ಚಾಗಿದೆಯೋ ಆ ಮನೆಗೆ ಹೋಗಿ, ಅದನ್ನು ತಿಂದು, ಬಂದ ದಾರಿಯಲ್ಲೇ ವಾಪಸಾಗುತ್ತದೆ. ಒಂದೇ ಮನೆ. ಎರಡನೆಯದಕ್ಕೆ ಕೈಹಾಕಿದ್ದನ್ನು ಯಾರೂ ಕಂಡಿಲ್ಲ. ಇಷ್ಟು ಮರ್ಯಾದಸ್ಥರನ್ನು ಏಕವಚನದಲ್ಲಿ ಕರೆಯುವುದು ಚೆನ್ನಾಗಿರುವುದಿಲ್ಲವೆಂದು ನಾವೆಲ್ಲ ‘ಗುಡ್ಡದವರು’ ಎನ್ನುತ್ತೇವೆ.

ಖಾಲಿ ಮನೆಯನ್ನು ಗುಡ್ಡದವರು ಮುಟ್ಟುವುದಿಲ್ಲ, ಒಲೆ ಉರಿಯುವ ಮನೆಯೇ ಆಗಬೇಕು. ಇದನ್ನು ಕಂಡುಹಿಡಿಯಲು ನಮ್ಮ ಪುರಸಭೆ ಹಿಂದೊಮ್ಮೆ ಪಾಳು ಗೋದಾಮಿನ ತುಂಬ ತೆಂಗಿನ ಗರಿ ಪೇರಿಸಿಟ್ಟು ಮೂರು ವರ್ಷ ಕಾದಿತ್ತಂತೆ. ಮೂರು ವರ್ಷವೂ ಅವರು ಗೋದಾಮನ್ನು ಕಡೆಗಣ್ಣಿನಿಂದ ನೋಡಿ ಮುಂದೆ ಹೋದರು. ಮೂರನೆಯ ವರ್ಷ ಹೋದದ್ದು ಆಗಿನ ಅಧ್ಯಕ್ಷರ ಮನೆ. ಅಲ್ಲಿಗೆ ಪ್ರಯೋಗ ನಿಂತಿತು.

ನಾನು ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತಾರು ವರ್ಷ. ನನ್ನ ಹೆಸರು ನೀಲಾಂಬಿಕೆ, ಮನೆಯಲ್ಲೇ ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕುತ್ತೇನೆ. ನಮ್ಮನೆಯವರು ಷಡಕ್ಷರಪ್ಪ, ನಿವೃತ್ತ ಪೋಸ್ಟ್ ಮಾಸ್ಟರು. ನಮ್ಮ ಕಾಂಪೌಂಡಿನ ಆಚೆ ಬೀದಿಯ ಕೊನೆಯ ಮನೆ ಸಣ್ಣೀರಪ್ಪನದು. ಹಾಸಿಗೆಗೆ ಹತ್ತಿ ಹಿಂಜುವ ಒಂಟಿ ಜೀವ. ಹನ್ನೊಂದು ವರ್ಷ ಸತತವಾಗಿ ಗುಡ್ಡದವರು ಹೋದದ್ದು ಅವನ ಮನೆಗೆ. ಅವರ ಕೈ ಎಷ್ಟು ಸ್ವಚ್ಛವೆಂದರೆ ಪಕ್ಕದಲ್ಲೇ ಇದ್ದ ನಮ್ಮ ಗೋಡೆಗೆ ಒಂದು ವರ್ಷವೂ ಮಸಿ ಹತ್ತಲಿಲ್ಲ.

ಸಣ್ಣೀರಪ್ಪನನ್ನು ಊರು ಪ್ರೀತಿಸಿದಷ್ಟು ಇನ್ಯಾರನ್ನೂ ಪ್ರೀತಿಸಲಿಲ್ಲ. ಪ್ರತಿ ವರ್ಷ ಅವನ ಮನೆ ಸುಟ್ಟ ಮರುದಿನವೇ ಎಲ್ಲ ಸೇರಿ ಹೊಸದು ಕಟ್ಟಿಕೊಡುತ್ತಿದ್ದೆವು. ಬಿದಿರಿನ ತಡಿಕೆ ಗೋಡೆ, ತೆಂಗಿನ ಗರಿಯ ಛಾವಣಿ, ಬೇಸಿಗೆಗೆ ತಂಪಾಗಿರಲಿ ಎಂದು ಅದರ ಮೇಲೆ ಒಂದು ಹಾಸು ಭತ್ತದ ಹುಲ್ಲು. ಮನೆಮನೆಯಿಂದಲೂ ಒಣಸೌದೆ ತಂದು ಅವನ ಗೋಡೆಗೆ ಒರಗಿಸಿ ‘ಒಲೆಗಾಗುತ್ತೆ ಇಟ್ಕೋ’ ಎನ್ನುತ್ತಿದ್ದೆವು. ಸ್ವಾತಂತ್ರ್ಯೋತ್ಸವದ ದಿನ ಪುರಸಭೆ ಅವನಿಗೆ ಶಾಲು ಹೊದಿಸುತ್ತಿತ್ತು. ಆ ಶಾಲು ಮುಂದಿನ ಹೋಳಿಯವರೆಗೆ ಬಾಳುತ್ತಿತ್ತು.

ಆಚೆ ವರ್ಷದ ಕಾರ್ತಿಕದಲ್ಲಿ ಸಣ್ಣೀರಪ್ಪ ಕೆಮ್ಮಿಕೆಮ್ಮಿ ಸತ್ತ. ಅವತ್ತು ಊರು ಅತ್ತದ್ದರಲ್ಲಿ ಕಪಟ ಎಳ್ಳಷ್ಟೂ ಇರಲಿಲ್ಲ. ಪುರಸಭೆ ಅಧ್ಯಕ್ಷ ಗುರುಪಾದಯ್ಯನವರಂತೂ ಹೆಣದ ಪಕ್ಕ ಕೂತು ‘ಹೋಳಿಗೆ ಇನ್ನು ನಾಲ್ಕೇ ತಿಂಗಳು ಇತ್ತಲ್ಲಪ್ಪಾ’ ಎಂದು ಗದ್ಗದಿತರಾದರು.

ಹನ್ನೆರಡು ದಿನ ಕಳೆಯುವುದರೊಳಗೆ ಸಣ್ಣೀರಪ್ಪನ ಮನೆಯಲ್ಲಿರಲು ಹೊಸಬರು ಬೇಕೆಂದು ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಬಿತ್ತು. ನಾಲ್ಕೈದು ಜನ ಬಂದು ನೋಡಿದರು. ಅಧ್ಯಕ್ಷರು ಆರಿಸಿದ್ದು ದಾನಮ್ಮನನ್ನು. ನಲವತ್ತರ ಆಸುಪಾಸಿನ ಹೆಂಗಸು, ಗಟ್ಟಿ ಮೈಕಟ್ಟು, ಗಂಡ ತೀರಿಕೊಂಡಿದ್ದ, ಕಸುಬು ಪೊರಕೆ ಕಟ್ಟುವುದು. ಸಭೆಯಲ್ಲಿ ಅಧ್ಯಕ್ಷರು ಕೈ ಉಜ್ಜಿಕೊಂಡರು. “ಯೋಚನೆ ಮಾಡಿ ನೋಡ್ರಿ! ಪೊರಕೆ ಕಟ್ಟೋರ ಮನೆ ಅಂದ್ರೆ ಮೂಲೆಮೂಲೆಯಲ್ಲೂ ಒಣಹುಲ್ಲು. ನಾವು ಬೆರಳೂ ಅಲ್ಲಾಡಿಸಬೇಕಾಗಿಲ್ಲ.” ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಪೊರಕೆಗೆ ಇನ್ನೂ ಒಂದು ಉಪಯೋಗವಿದೆ ಎನ್ನುವುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ದಾನಮ್ಮ ಬಂದ ಮೂರನೆಯ ದಿನ ಗೋಡೆಗೆ ಒರಗಿದ್ದ ಸೌದೆಯನ್ನೆಲ್ಲ ಹೊತ್ತು ಹಿತ್ತಲಿನ ಆ ತುದಿಗೆ ಹಾಕಿದಳು. ಮನೆಯಿಂದ ಮೂವತ್ತು ಹೆಜ್ಜೆ, ನಾನು ಕಾಂಪೌಂಡಿನ ಮೇಲಿಂದ ಎಣಿಸಿದ್ದೇನೆ. ಆಮೇಲೆ ಏಣಿ ಹತ್ತಿ ಗರಿಯನ್ನೂ ಹುಲ್ಲನ್ನೂ ಕಿತ್ತು ಕೆಡವಿದಳು. ಎಲ್ಲಿಂದಲೋ ಹಳೆಯ ತಗಡು ತಂದು ಹೊದಿಸಿದಳು. ತಡಿಕೆ ಗೋಡೆಗೆ ಒಳಗೂ ಹೊರಗೂ ಮಣ್ಣು ಮೆತ್ತಿದಳು. ಗೋಡೆಯ ಸುತ್ತ ಮೂರು ಮಾರು ಅಗಲಕ್ಕೆ ಒಂದು ಹುಲ್ಲುಕಡ್ಡಿ ಬಿಡದೆ ಕೆರೆದು ಜಲ್ಲಿ ಹರಡಿದಳು. ಬೇವಿನ ಮರದ ಕೆಳಗಿನ ಕೊಂಬೆಗಳನ್ನು ಆಳೆತ್ತರಕ್ಕೂ ಮೇಲಕ್ಕೆ ಸವರಿದಳು. ಪೊರಕೆಯ ಹುಲ್ಲನ್ನಂತೂ ಹಾಳುಬಿದ್ದಿದ್ದ ಸಿಮೆಂಟಿನ ನೀರಿನ ತೊಟ್ಟಿಯಲ್ಲಿಟ್ಟು ತಗಡು ಮುಚ್ಚಿದಳು. ಊರು ಕಟ್ಟಿದ್ದ ಪ್ರೀತಿಯನ್ನೆಲ್ಲ ಆ ಹೆಂಗಸು ಹದಿನೈದು ದಿನದಲ್ಲಿ ಗುಡಿಸಿ ಹಾಕಿದಳು.

ಸುದ್ದಿ ತಿಳಿದು ಅಧ್ಯಕ್ಷರೇ ಬಂದರು. ನಾನು ಹಪ್ಪಳ ಒಣಗಿಸುವ ನೆಪದಲ್ಲಿ ಕಾಂಪೌಂಡಿನ ಹತ್ತಿರ ನಿಂತೆ.

“ಏನಮ್ಮಾ ದಾನಮ್ಮ, ಒಬ್ಬಳೇ ಯಾಕಿಷ್ಟು ಕಷ್ಟಪಡ್ತೀಯಾ? ಗರಿ ಛಾವಣಿ ಎಷ್ಟು ತಂಪಾಗಿತ್ತು!”

“ತಂಪೇ ಸಾಹೇಬ್ರೆ. ಹೋಳಿವರೆಗೂ ತಂಪು.”

ಅಧ್ಯಕ್ಷರ ಮುಖ ಸಪ್ಪಗಾಯಿತು. ದಾನಮ್ಮ ಕೈಯಲ್ಲಿದ್ದ, ಕಸ ಎಳೆಯುವ ಉದ್ದ ಹಿಡಿಯ ಹುಲ್ಲುಬಾಚಣಿಗೆಯನ್ನು ಗೋಡೆಗೆ ಒರಗಿಸಿದಳು. “ಮನೆ ತೋರಿಸೋವಾಗ ನೀವ್ಯಾರೂ ಹೇಳ್ಲಿಲ್ಲ. ಹಾಲಿನವನು ಹೇಳ್ದ.”

“ಹೇಳೋಣ ಅಂತಾನೇ ಇದ್ವಿ. ಅದೇನು ದೊಡ್ಡ ವಿಷಯ ಅಲ್ಲಮ್ಮ. ಒಂದು ಮನೆ ಹೋಗ್ಲೇಬೇಕು. ಊರು ಮತ್ತೆ ಕಟ್ಟಿಕೊಡುತ್ತೆ. ಶಾಲು ಹೊದಿಸ್ತೀವಿ.”

“ಹೋಗ್ಲೇಬೇಕು ಅಂತ ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ಪ್ರತಿ ವರ್ಷ ಹೋಗಿದೆಯಲ್ಲ!”

“ಪ್ರತಿ ವರ್ಷ ಕಸ ಇತ್ತಲ್ಲ ಸಾಹೇಬ್ರೆ.”

ಅಧ್ಯಕ್ಷರು ಗೇಟಿನವರೆಗೆ ಹೋದರು. ಅಲ್ಲಿ ತಿರುಗಿ ನಿಂತು, ತಗಡಿನ ಛಾವಣಿಯನ್ನು ಇನ್ನೊಮ್ಮೆ ನೋಡಿ, ಗೇಟು ಹಾಕಿಕೊಂಡು ಹೋದರು.

ಅಂದಿನಿಂದ ಊರಿಗೆ ನಿದ್ದೆ ಕೆಟ್ಟಿತು. ದಾನಮ್ಮ ಅಲ್ಲದಿದ್ದರೆ ಮತ್ಯಾರು? ತರಕಾರಿ ಕೊಳ್ಳಲು ಹೊರಟವರೂ ಪರರ ಅಂಗಳವನ್ನು ಇಣುಕಿ ಎಲೆ ಎಣಿಸತೊಡಗಿದರು. ನಮ್ಮ ಅಂಗಳದ ಮುಂದೆ ಜನ ಸ್ವಲ್ಪ ಹೆಚ್ಚೇ ಹೊತ್ತು ನಿಲ್ಲುತ್ತಿದ್ದರು. ಕಾರಣ ನನಗೂ ಗೊತ್ತಿತ್ತು. ಜಗಲಿಯ ಮೇಲೆ ನಮ್ಮನೆಯವರು ಇಪ್ಪತ್ತು ವರ್ಷದ ದಿನಪತ್ರಿಕೆಗಳನ್ನು ಇಸವಿ ಪ್ರಕಾರ ಪೇರಿಸಿದ್ದರು. ಮದುವೆಯಾದ ವರ್ಷ ನಾನು ನೆಟ್ಟ ಜಾಜಿ ಬಳ್ಳಿ ಕಂಬ ಹಿಡಿದು ಹೆಂಚಿನ ಮೇಲೆ ಹತ್ತಿ, ಒಳಗೆಲ್ಲ ಒಣಗಿ, ಹೊರಗೆ ಮಾತ್ರ ಹಸಿರಾಗಿ ನಿಂತಿತ್ತು. ಸೂರಿನಂಚಿನಲ್ಲಿ ಮಳೆನೀರು ಹರಿಯುವ ತಗಡಿನ ದೋಣಿಯನ್ನು ಕಟ್ಟಿಸಿದ ಮೇಲೆ ಯಾರೂ ಇಣುಕಿ ನೋಡಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದ ಬುದ್ಧಿವಂತೆ ನಾನು ಏನು ಮಾಡಿದೆನೆಂದರೆ, ಬೆಳಗಿನ ಜಾವ ಎದ್ದು, ನಮ್ಮ ಅಂಗಳದ ಒಣ ಎಲೆಯನ್ನು ಚೀಲಕ್ಕೆ ತುಂಬಿ ದಾನಮ್ಮನ ಹಿತ್ತಲಿಗೆ ಎಸೆದೆ. ಒಂದು ದಿನವಲ್ಲ, ಒಂಬತ್ತು ದಿನ. ಎಸೆಯುತ್ತಿದ್ದವಳು ನಾನೊಬ್ಬಳೇ ಅಲ್ಲವೆಂದು ಎರಡನೆಯ ದಿನವೇ ತಿಳಿಯಿತು. ಕತ್ತಲು ಹರಿಯುವ ಹೊತ್ತಿಗೆ ಆ ಬೀದಿಯಲ್ಲಿ ಸಂತೆಯಷ್ಟು ಓಡಾಟ. ತಲೆಯ ಮೇಲೆ ಚೀಲ ಹೊತ್ತವರು ಎದುರಾದರೆ ‘ವಾಕಿಂಗಾ?’ ಎಂದು ಪರಸ್ಪರ ವಿಚಾರಿಸಿಕೊಂಡು ಮುಂದೆ ಹೋಗುತ್ತಿದ್ದೆವು.

ಆದರೆ ಹೊತ್ತು ಏರುವುದರೊಳಗೆ ದಾನಮ್ಮನ ಹಿತ್ತಲು ಮತ್ತೆ ಬೋಳು. ಹತ್ತನೆಯ ದಿನ ಅವಳು ಕಾಂಪೌಂಡಿನ ಆಚೆಯಿಂದ ಕರೆದಳು. “ಅಕ್ಕಾರೆ, ಸ್ವಲ್ಪ ಬನ್ನಿ.”

ಹೋದೆ. ಮಡಿಸಿದ ಒಂಬತ್ತು ಚೀಲಗಳನ್ನು ಕಾಂಪೌಂಡಿನ ಮೇಲಿಟ್ಟಳು. “ತೊಗೊಳ್ಳಿ. ಗುಂಡಿ ತೋಡಿ ಎಲೆ ಎಲ್ಲ ಹಾಕಿ ನೀರು ಹಾಯಿಸಿದೀನಿ. ಮಳೆಗಾಲಕ್ಕೆ ಒಳ್ಳೆ ಗೊಬ್ಬರ ಆಗುತ್ತೆ.”

“ನಮ್ಮವಲ್ಲ ಅವು,” ಅಂದೆ.

ಅವಳು ಮೇಲಿನ ಚೀಲವನ್ನು ತಿರುಗಿಸಿಟ್ಟಳು. ಅಂಗೈಯಷ್ಟು ದಪ್ಪ ಅಕ್ಷರದಲ್ಲಿ ‘ನೀಲಾ ಹಪ್ಪಳ’ ಎಂದಿತ್ತು. ಜೊತೆಗೆ ನಾನು ನಗುತ್ತಿರುವ ಚಿತ್ರ. ಹಿಟ್ಟಿನ ಚೀಲಗಳಿಗೆ ಅದನ್ನು ಆಸೆಪಟ್ಟು ಅಚ್ಚು ಹಾಕಿಸಿದವಳೂ ನಾನೇ.

ದಾನಮ್ಮ ನಗಲಿಲ್ಲ, ಬಯ್ಯಲೂ ಇಲ್ಲ. ಬೈದಿದ್ದರೆ ನಾನು ನಾಲ್ಕು ತಿರುಗಿಸಿ ಕೊಟ್ಟು ಮನೆಗೆ ಹೋಗುತ್ತಿದ್ದೆ. ಅವಳು ಕೇಳಿದ್ದು ಇಷ್ಟೇ. “ನನಗಿಂತ ಮುಂಚೆ ಇದ್ರಲ್ಲ, ಅವರು ಯಾಕೆ ಗುಡಿಸ್ತಿರ್ಲಿಲ್ಲ? ಸೋಮಾರೀನಾ?”

ಹೌದು ಎನ್ನಲು ಬಾಯಿ ತೆರೆದೆ. ಊರೆಲ್ಲ ಹಾಗೇ ಹೇಳುವುದು. ಆದರೆ ಬಾಯಿಂದ ಬಂದದ್ದು ಬೇರೆ. ಆರನೆಯ ವರ್ಷವೋ ಏಳನೆಯದೋ, ಹೋಳಿಗೆ ಮುಂಚೆ ಸಣ್ಣೀರಪ್ಪ ನಮ್ಮ ಬಾಗಿಲಿಗೆ ಬಂದು, ‘ನೀಲವ್ವಾ, ಕುಡುಗೋಲು ಇದ್ರೆ ಒಂದಿನದ ಮಟ್ಟಿಗೆ ಕೊಡವ್ವಾ, ಮನೆ ಸುತ್ತ ಹುಲ್ಲು ಎದೆಮಟ್ಟ ಬೆಳೆದದೆ’ ಎಂದು ಕೇಳಿದ್ದ. ಹಿಡಿ ಮುರಿದಿದೆ ಎಂದೆ. ಕುಡುಗೋಲು ನನ್ನ ಹಿಂದೆ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಅವನು ಅದನ್ನು ನೋಡಿದ, ಅವನು ನೋಡಿದ್ದನ್ನು ನಾನೂ ನೋಡಿದೆ. ‘ಆಗ್ಲಿ ಬಿಡವ್ವಾ’ ಎಂದು ಹೋದ. ಆಮೇಲೆ ಯಾರ ಮನೆಯಲ್ಲೂ ಕೇಳಿದ ಹಾಗೆ ಕಾಣಲಿಲ್ಲ. ಇದನ್ನು ನಾನು ನಮ್ಮನೆಯವರಿಗೂ ಹೇಳಿರಲಿಲ್ಲ.

ದಾನಮ್ಮ ಚೀಲಗಳನ್ನು ನನ್ನತ್ತ ಸರಿಸಿದಳು. ಆಮೇಲೆ ನಮ್ಮ ಸೂರಿನತ್ತ ಕತ್ತೆತ್ತಿ, “ಅಕ್ಕಾರೆ, ಆ ಜಾಜಿ ಹೆಂಚು ಮುಟ್ಟಿದೆ. ಬೆಂಕಿಗೆ ಏಣಿ ಹಾಕಿಟ್ಟ ಹಾಗೆ ಅದು. ಕುಡುಗೋಲು ಇದ್ಯಾ, ನಾನು ತರ್ಲಾ?” ಅಂದಳು.

“ಇದೆ,” ಅಂದೆ.

ಜಾಜಿ ಕಡಿಯಲು ಒಂದು ಮಧ್ಯಾಹ್ನ ಹಿಡಿಯಿತು. ಇಪ್ಪತ್ತೈದು ವರ್ಷದ ಬಳ್ಳಿ ಸೊಂಟದೆತ್ತರಕ್ಕೆ ಬಂದು ನಿಂತಾಗ, ಸಂಸಾರದ ಫೋಟೋದಲ್ಲಿ ನನ್ನ ತಲೆ ಕತ್ತರಿಸಿದ ಹಾಗೆ ಕಂಡಿತು. ಬಳ್ಳಿಯ ಹೊಟ್ಟೆಯೊಳಗಿಂದ ಬಿದ್ದ ಒಣಕಡ್ಡಿಯೇ ಎರಡು ಗಾಡಿಯಷ್ಟಿತ್ತು. ಇಷ್ಟು ವರ್ಷ ನಾನು ಮುಡಿದದ್ದು ಅದರ ಹೂವನ್ನು, ಸಾಕಿದ್ದು ಅದರ ಹೆಣವನ್ನು. ದೋಣಿಯಿಂದ ಎಂಟು ಬುಟ್ಟಿ ಎಲೆ ಬಂತು, ಜೊತೆಗೆ ಒಂದು ಕ್ರಿಕೆಟ್ ಚೆಂಡು. ನಮ್ಮನೆಯವರು ಮೊದಮೊದಲು ಪತ್ರಿಕೆಗಳ ಮುಂದೆ ಕೈ ಚಾಚಿ ನಿಂತರು. “ಇದು ಇತಿಹಾಸ ಕಣೇ!” ಅಂದರು. ಅದಕ್ಕೆ ದಾನಮ್ಮ, “ಹೌದು ಯಜಮಾನ್ರೆ, ನೀರು ಹಾಕಿದ್ರೆ ಇತಿಹಾಸಾನೂ ಗೊಬ್ಬರ ಆಗುತ್ತೆ,” ಅಂದಳು. ಒಂದೊಂದು ಇಸವಿಯನ್ನೂ ಎತ್ತಿ ಕೊಡುವಾಗ ಅದರ ಮುಖಪುಟವನ್ನು ಕೊನೆಯ ಸಲ ಓದಿದರು. ಹೀಗಾಗಿ ಆ ಕೆಲಸಕ್ಕೆ ನಾಲ್ಕು ದಿನ.

ನಮ್ಮ ಅಂಗಳ ಬೋಳಾಗಿ ಜಲ್ಲಿ ಬಿದ್ದದ್ದೇ ತಡ, ಊರು ದಿಗಿಲುಬಿತ್ತು. ಈಗ ಯಾರ ಅಂಗಳದಲ್ಲಿ ಕಸ ಹೆಚ್ಚು ಎಂದು ಯಾರಿಗೂ ಗೊತ್ತಿಲ್ಲ. ಜನ್ಮದಲ್ಲಿ ಪೊರಕೆ ಹಿಡಿಯದ ಗಂಡಸರು ಹೆಂಚಿನ ಮೇಲೆ ಹತ್ತಿದರು. ಸೌದೆ ಗೋಡೆ ಬಿಟ್ಟು ದೂರ ಹೋಯಿತು, ಬೇಲಿಯ ಒಣಮುಳ್ಳು ಹೋಗಿ ಕತ್ತಾಳೆ ಬಂತು, ಕಿಟಕಿ ಮುಚ್ಚುವಂತೆ ಬೆಳೆದಿದ್ದ ಗಿಡಗಳ ನಡುವೆ ಗಾಳಿ ಆಡಿತು. ಎಲ್ಲರೂ ಪಕ್ಕದವರಿಗಿಂತ ಒಂದು ಹಿಡಿ ಕಸ ಕಡಿಮೆ ಇರಲಿ ಎಂಬ ಉದಾತ್ತ ಉದ್ದೇಶದಿಂದಲೇ ದುಡಿದರು. ದಾನಮ್ಮ ಪೊರಕೆ ಕಟ್ಟಿ ಕಟ್ಟಿ ಬೆರಳು ಒಡೆದುಕೊಂಡಳು. ಅಧ್ಯಕ್ಷರೊಬ್ಬರು ಮಾತ್ರ ನಿಶ್ಚಿಂತರಾಗಿದ್ದರು. ಅವರ ಮನೆಯ ಸುತ್ತ ಊರಿಗೆಲ್ಲ ಇರುವ ಒಂದೇ ಸಾಲು ಸರುವೆ ಮರ, ನೆಲಕ್ಕೆ ತಾಗುವಂತೆ ಕೊಂಬೆ, ಬುಡದಲ್ಲಿ ಮೊಳ ದಪ್ಪದ ಒಣ ಎಲೆಯ ಹಾಸು. “ನಾನು ಅಧ್ಯಕ್ಷ,” ಎನ್ನುತ್ತಿದ್ದರು. ಅದು ಗುಡ್ಡದವರಿಗೂ ಗೊತ್ತಿದೆ ಎನ್ನುವ ಧಾಟಿ. ಅಷ್ಟರಲ್ಲಿ ಯಾರೋ ಹಳೆಯ ಅಧ್ಯಕ್ಷರ ಮನೆಯ ಕಥೆ ನೆನಪಿಸಿರಬೇಕು. ಹೋಳಿಯ ಮರುದಿನ ಅವರ ಮನೆಯಲ್ಲಿ ಇಬ್ಬರು ಕೂಲಿಯವರು ದಿನವಿಡೀ ಮರ ಸವರಿದರು. ಸವರಿದ್ದು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

ಗುಡ್ಡದವರು ಬರುವ ದಿನ ಊರೆಲ್ಲ ಶಾಲೆಯ ತಾರಸಿ ಹತ್ತಿ ನಿಲ್ಲುವುದು ವಾಡಿಕೆ. ಕೆಳಗೆ ಶಾಲೆಯ ಅಂಗಳದಲ್ಲಿ ಹೋಳಿಗೆ ತುಪ್ಪದ ಊಟದ ತಯಾರಿಯೂ ನಡೆದಿರುತ್ತದೆ. ಒಬ್ಬರ ಮನೆ ಹೋದ ಸಮಾಧಾನಕ್ಕೆ ಉಳಿದವರೆಲ್ಲ ಉಣ್ಣಬೇಕಲ್ಲ. ದಾನಮ್ಮ ಮಾತ್ರ ಬರಲಿಲ್ಲ. ಅಂಗಳ ಒದ್ದೆ ಮಾಡುವುದಿದೆ ಎಂದು ಮನೆಯಲ್ಲೇ ಉಳಿದಳು. ಗುಡ್ಡದ ನೆತ್ತಿಯಲ್ಲಿ ಹೊಗೆ ಎದ್ದಿತು. ಕಿತ್ತಳೆ ಬಣ್ಣದ ಗೆರೆ ಇಳಿಯುತ್ತ ಇಳಿಯುತ್ತ ಟಾರು ರಸ್ತೆಗೆ ಬಂದು ಸೇರಿತು. ಎರಡಾಳು ಎತ್ತರ, ಗಾಡಿಯಷ್ಟು ಅಗಲ. ಮೊದಲ ಗೇಟು ನೋಡಿದರು, ಮುಂದೆ ಹೋದರು. ಎರಡನೆಯದು, ಮೂರನೆಯದು. ತಾರಸಿಯ ಮೇಲೆ ಒಬ್ಬೊಬ್ಬರೇ ಉಸಿರು ಬಿಡುತ್ತಿದ್ದರು.

ನಾನು ಸುಮ್ಮನೆ ನಮ್ಮ ಮನೆಯತ್ತ ಕಣ್ಣು ಹಾಯಿಸಿದೆ. ಅಷ್ಟು ಎತ್ತರದಿಂದ ಹಿತ್ತಲು ಚೆನ್ನಾಗಿ ಕಾಣುತ್ತದೆ. ಅಡುಗೆಮನೆಯ ಗೋಡೆಗೆ ಒತ್ತಿ ಕಂದು ಬಣ್ಣದ ದೊಡ್ಡ ರಾಶಿ. ಬೆಳಿಗ್ಗೆ ನಾವು ಬಾಗಿಲು ಹಾಕಿ ಹೊರಟಾಗ ಅದು ಇರಲಿಲ್ಲ. ಅದರ ಬಾಲ ಪಕ್ಕದ ಓಣಿಗುಂಟ ಬೀದಿಯವರೆಗೂ ಚೆಲ್ಲಿತ್ತು. ಅದು ಸರುವೆ. ಊರಿಗಿರುವುದೇ ಒಂದು ಸಾಲು.

ಅಧ್ಯಕ್ಷರ ಮುಖ ನೋಡಿದೆ. ಅವರು ಗುಡ್ಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. “ಒಂದು ಮನೆ ಹೋಗ್ಲೇಬೇಕಲ್ಲ ನೀಲಮ್ಮ,” ಅಂದರು, ನನ್ನ ಕಡೆ ತಿರುಗದೆ. “ಊರು ಕಟ್ಟಿಕೊಡುತ್ತೆ.”

ಇಷ್ಟು ವರ್ಷ ನಾವು ಸಣ್ಣೀರಪ್ಪನಿಗೆ ಹೇಳಿದ ಮಾತು ಕಿವಿಗೆ ಹೇಗೆ ಕೇಳುತ್ತದೆ ಎಂದು ಆಗ ಗೊತ್ತಾಯಿತು. ಮೆಟ್ಟಿಲು ಇಳಿದು ಓಡಿದೆ. ಹಿಂದೆ ಚಪ್ಪಲಿಯ ಸದ್ದು ಕೇಳಿ ತಿರುಗಿದರೆ ನಮ್ಮನೆಯವರು, ಪಂಚೆಯನ್ನು ಮೊಳಕಾಲಿಗೆ ಎತ್ತಿಕೊಂಡು ಬರುತ್ತಿದ್ದರು. ಸರ್ಕಾರಿ ಸೇವೆಯ ಮೂವತ್ತೆರಡು ವರ್ಷದಲ್ಲಿ ಅವರು ತಂತಿ ತಲುಪಿಸಲೂ ಓಡಿದವರಲ್ಲ.

ನಾವು ಮುಟ್ಟುವಾಗ ದಾನಮ್ಮ ಅಲ್ಲಿದ್ದಳು. ಕಾಂಪೌಂಡು ಹಾರಿ ಬಂದು, ಟಾರ್ಪಾಲು ಹಾಸಿ, ಹುಲ್ಲುಬಾಚಣಿಗೆಯಿಂದ ರಾಶಿಯನ್ನು ಅದರ ಮೇಲೆ ಎಳೆಯುತ್ತಿದ್ದಳು. “ಅಕ್ಕಾರೆ, ಆ ತುದಿ ಹಿಡೀರಿ! ಯಜಮಾನ್ರೆ, ನೀವು ಓಣಿ ಗುಡಿಸಿ! ಒಂದು ಕಡ್ಡಿ ಉಳೀಬಾರದು!” ಎಂದು ಕೂಗಿದಳು. ಮೂರು ಸಲ ತುಂಬಿದೆವು, ಮೂರು ಸಲ ಬೀದಿಗೆ ಎಳೆದು ಸುರಿದೆವು. ನಮ್ಮನೆಯವರು ಬಗ್ಗಿ ಗುಡಿಸುತ್ತಲೇ ಇದ್ದರು. ಮೂರನೆಯ ಸಲ ಸುರಿದು ತಿರುಗುವಾಗ ಮುಖಕ್ಕೆ ಒಲೆಯ ಬಾಗಿಲು ತೆರೆದಂತಾಯಿತು. ಗುಡ್ಡದವರು ನಮ್ಮ ಗೇಟಿನಲ್ಲಿದ್ದರು.

ಅಷ್ಟು ಹತ್ತಿರದಿಂದ ಅವರನ್ನು ನೋಡಿದವರು ಊರಲ್ಲಿ ಯಾರೂ ಇಲ್ಲ. ನನ್ನ ಹುಬ್ಬು ಚುರುಚುರು ಎಂದಿತು. ನಾವು ಮೂವರೂ ಜಗಲಿಯ ಗೋಡೆಗೆ ಬೆನ್ನು ಹಚ್ಚಿ ನಿಂತೆವು. ನಮ್ಮನೆಯವರು ನನ್ನ ಕೈ ಹಿಡಿದರು. ಬಯಲಿನಲ್ಲಿ, ಹಗಲಿನಲ್ಲಿ, ಅದು ಮೊದಲ ಸಲ. ಗುಡ್ಡದವರು ಬೀದಿಯಲ್ಲಿ ಬಿದ್ದಿದ್ದ ಸರುವೆಯನ್ನು ಚಟಪಟ ಎಂದು ಒಂದೇ ತುತ್ತಿಗೆ ತಿಂದರು. ತಿಂದು ಎದ್ದು ನಮ್ಮ ಅಂಗಳದತ್ತ ಬಾಗಿದರು. ಜಲ್ಲಿ. ಒದ್ದೆ ಮಣ್ಣು. ಸೊಂಟದೆತ್ತರದ ಜಾಜಿ. ನಮ್ಮನೆಯವರ ಪಾದದ ಹತ್ತಿರ ಒಂದೇ ಒಂದು ಸರುವೆ ಕಡ್ಡಿ ಬಿದ್ದಿತ್ತು. ದಾನಮ್ಮ ಮೆಲ್ಲನೆ ಕಾಲು ಚಾಚಿ ಅದನ್ನು ಅಂಗಾಲಿನ ಕೆಳಗೆ ಎಳೆದುಕೊಂಡಳು. ಗುಡ್ಡದವರು ಇನ್ನೊಂದು ಕ್ಷಣ ನಿಂತು, ದಾನಮ್ಮನ ಗೇಟನ್ನೂ ಒಮ್ಮೆ ನೋಡಿ, ಮುಂದಿನ ಬೀದಿಗೆ ತಿರುಗಿದರು.

ಆ ಮಧ್ಯಾಹ್ನ ಅವರು ಊರಿನ ಎಲ್ಲ ಗೇಟುಗಳನ್ನೂ ನೋಡಿದರು. ಒಬ್ಬರ ಮೇಲೊಬ್ಬರ ಹೊಟ್ಟೆಕಿಚ್ಚಿನಿಂದ ಊರು ಎಷ್ಟು ಸ್ವಚ್ಛವಾಗಿತ್ತೆಂದರೆ ಎಲ್ಲೂ ಒಂದು ತುತ್ತು ಸಿಗಲಿಲ್ಲ. ಅಧ್ಯಕ್ಷರ ಗೇಟಿನ ಮುಂದೆ ಬಹಳ ಹೊತ್ತು ನಿಂತರಂತೆ, ಆದರೆ ಸವರಿದ ಮರಗಳ ಕೆಳಗೆ ನೆಲ ಬರಿದಾಗಿತ್ತು. ಕಸವೆಲ್ಲ ನಮ್ಮ ಮನೆಯ ಮುಂದೆ ಖರ್ಚಾಗಿತ್ತಲ್ಲ. ಎರಡಾಳಿದ್ದವರು ಒಂದಾಳಾದರು, ಮೊಳಕಾಲೆತ್ತರವಾದರು. ಕೊನೆಗೆ ಬತ್ತಿದ ಕೆರೆಯ ಅಂಗಳಕ್ಕೆ ಹೋಗಿ, ಬಿರುಕು ಬಿಟ್ಟ ಕೆಸರಿನ ಮೇಲೆ ಕೂತು, ದೀಪದಷ್ಟಾಗಿ ಆರಿಹೋದರು.

ತಾರಸಿಯ ಮೇಲೆ ಯಾರೂ ಸಂತೋಷಪಡಲಿಲ್ಲ. ಏನು ಮಾಡಬೇಕೆಂದೇ ತಿಳಿಯದೆ ನಿಂತಿದ್ದರಂತೆ. ಅಧ್ಯಕ್ಷರು, “ಇದು ಸಂಪ್ರದಾಯಕ್ಕೆ ಆದ ಅಪಚಾರ,” ಎಂದು ಶುರುಮಾಡಿದರು. ಆಗ ಎಂಬತ್ತು ದಾಟಿದ ಹಾಲಮ್ಮಜ್ಜಿ ಮಧ್ಯದಲ್ಲೇ ಕೇಳಿದಳಂತೆ, “ಹಂಗಾರೆ ಗುರುಪಾದಯ್ಯಾ, ಆ ಸಣ್ಣೀರನ ಮನೆ ಒಂದು ವರ್ಷನೂ ಸುಡಬೇಕಾಗಿರ್ಲಿಲ್ವೇನಪ್ಪಾ?” ಕೆಳಗಿನಿಂದ ಅಡುಗೆಯವನು ಹೋಳಿಗೆ ಆರುತ್ತಿದೆ ಎಂದು ಕೂಗಿದ. ಒಬ್ಬರೂ ಊಟಕ್ಕೆ ಕೂರಲಿಲ್ಲ.

ಅಂದು ಸಂಜೆ ನಾವು ಮೂವರು ಬೀದಿಯ ಬೂದಿ ಗುಡಿಸಿದೆವು. ನನ್ನ ಹುಬ್ಬು ಪೂರ್ತಿ ಹೋಗಿತ್ತು. ದಾನಮ್ಮ ನನ್ನ ಮುಖ ನೋಡಿ, ಮೊದಲ ಸಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಯ್ಯೋಣವೆಂದರೆ ನನಗೂ ನಗುವೇ ಬಂತು.

ಗುಡ್ಡದವರು ಸತ್ತುಹೋದರೆಂದು ಕೆಲವರು ಹೇಳಿದ್ದುಂಟು. ಸಾಯಲಿಲ್ಲ. ಗುಡ್ಡದಲ್ಲಿ ಹುಲ್ಲು ಮತ್ತೆ ಬೆಳೆದು, ಮತ್ತೆ ಒಣಗಿತು. ಈ ವರ್ಷ ಹೋಳಿಗೆ ಹದಿನೈದು ದಿನ ಮುಂಚೆ ಅಧ್ಯಕ್ಷರು ತುರ್ತು ಸಭೆ ಕರೆದರು. ವಿಷಯ, ಚೀಟಿ ಎತ್ತಿ ಒಂದು ಮನೆಯನ್ನು ಆರಿಸುವುದು, ಆರಿಸಿದ ಮನೆಗೆ ಊರಿನ ವತಿಯಿಂದ ಗರಿ ಹೊದಿಸುವುದು. ಮೂರು ಗಂಟೆಗೆ ಎಂದು ಹೇಳಿದ್ದರು. ಊರೆಲ್ಲ ಆ ಹೊತ್ತಿಗೆ ಹೆಂಚಿನ ಮೇಲಿತ್ತು, ದೋಣಿಯ ಎಲೆ ತೆಗೆಯುತ್ತಿತ್ತು. ಒಬ್ಬರ ಏಣಿಯನ್ನು ಇನ್ನೊಬ್ಬರು ಹಿಡಿದಿದ್ದರು, ಬೀಳುತ್ತಾರೇನೋ ಎಂಬ ಆಸೆಯಿಂದ ನೋಡುತ್ತಿದ್ದವರೂ ಇದ್ದರು ಅನ್ನಿ. ಕೋರಂ ಆಗಲಿಲ್ಲ. ಅಧ್ಯಕ್ಷರು ಐದು ಗಂಟೆಯವರೆಗೆ ಖಾಲಿ ಕುರ್ಚಿಗಳ ಮುಂದೆ ಒಬ್ಬರೇ ಕೂತಿದ್ದು, ಕೋಟು ಬಿಚ್ಚಿ ಮೊಳೆಗೆ ಹಾಕಿ, ಜವಾನನನ್ನು ಕರೆದು, ಉದ್ದ ಹಿಡಿಯ ಪೊರಕೆ ಯಾರ ಹತ್ತಿರ ಸಿಗುತ್ತದೆ ಎಂದು ಕೇಳಿದರಂತೆ.